ಪಕ್ಕದ ಹೆಂಚಿನ ಮನೆ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತಿದೆ: ನಿಮ್ಮ ಮನೆ ಕಾಪಾಡಿಕೊಳ್ಳುವುದು ಹೇಗೆ

ನಮ್ಮ ಪಕ್ಕದ ಮನೆಯ ಹೆಂಚುಗಳನ್ನು ಒಂದು ಮಂಗಳವಾರ ಇಳಿಸಿದರು. ಶುಕ್ರವಾರದ ಹೊತ್ತಿಗೆ ತೊಲೆ, ಬಾಗಿಲು, ಕಿಟಕಿ ಎಲ್ಲ ಲಾರಿ ಹತ್ತಿದ್ದವು. ಮುಂದಿನ ವಾರ ಜೆಸಿಬಿ ಬಂತು. ಐವತ್ತು ವರ್ಷ ನಿಂತಿದ್ದ ಗೋಡೆಗಳು ಒಂದು ಹಗಲಿನಲ್ಲಿ ಮಣ್ಣಾದವು. ಮೇ ಕೊನೆಗೆ ಸೆಲ್ಲಾರ್‌ಗೆ, ಅಂದರೆ ನೆಲದಡಿಯ ಅಂತಸ್ತಿಗೆ, ಗುಂಡಿ ತೋಡಿದರು. ಜೂನ್ ಎರಡನೇ ವಾರ ಮೃಗಶಿರ ಮಳೆ ಹಿಡಿಯಿತು. ಮೂರನೇ ದಿನ ಬೆಳಗಿನ ಜಾವ ಎದ್ದು ನೋಡಿದರೆ ನಮ್ಮ ಕಾಂಪೌಂಡ್ ಗೋಡೆ ಆ ಗುಂಡಿಯೊಳಗೆ ಮಲಗಿತ್ತು. ಹಜಾರದ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು.

"ಅಕ್ಕಾ, ಆ ಬಿರುಕು ಮೊದ್ಲೇ ಇತ್ತಲ್ವಾ?" ಎಂದರು ಬಿಲ್ಡರ್ ಕಡೆಯ ಸೂಪರ್‌ವೈಸರ್.

ಇರಲಿಲ್ಲ. ಆದರೆ ಇರಲಿಲ್ಲ ಎಂದು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಎರಡು ದಿನ ಹುಡುಕಿದ ಮೇಲೆ ತಂಗಿಯ ಸೀಮಂತದ ಫೋಟೊ ಸಿಕ್ಕಿತು. ಅವಳ ಬೆನ್ನ ಹಿಂದೆ ಅದೇ ಕಿಟಕಿ, ಅದೇ ಗೋಡೆ, ಒಂದು ಗೆರೆಯೂ ಇಲ್ಲ. ಆ ಫೋಟೊ ಮುಂದಿಟ್ಟ ಮೇಲೆಯೇ ಮಾತುಕತೆ ಶುರುವಾಯಿತು.

ನಾನು ಅಪಾರ್ಟ್‌ಮೆಂಟ್ ಬೇಡ ಎನ್ನುವವಳಲ್ಲ. 2013ರಲ್ಲಿ ನಮ್ಮೂರು ಶಿವಮೊಗ್ಗ ಮಹಾನಗರ ಪಾಲಿಕೆಯಾಯಿತು, 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಊರು ಬೆಳೆಯುತ್ತಿದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ನೆಲೆಸಿದ್ದಾರೆ, ದುರ್ಗಿಗುಡಿ, ತಿಲಕ್ ನಗರ, ರವೀಂದ್ರ ನಗರದ ದೊಡ್ಡ ದೊಡ್ಡ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ. ಮಳೆಗಾಲಕ್ಕೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಅವರು ಮಾರುವುದು ತಪ್ಪಲ್ಲ. ಆದರೆ ಮಾರಿ ಹೋದವರ ಪಕ್ಕದಲ್ಲಿ ಉಳಿದವರ ಮನೆಯೂ ನಿಲ್ಲಬೇಕು. ಅದಕ್ಕಾಗಿ ಈ ಬರಹ.

ನಿಮ್ಮ ಕೈಯಲ್ಲಿರುವ ಹೊತ್ತು

ಪಕ್ಕದ ಮನೆಯ ಹೆಂಚು ಇಳಿಸಿದ ದಿನದಿಂದ ಪಾಯ ತೋಡುವ ದಿನದವರೆಗೆ ಇರುವ ಹೊತ್ತೇ ನಿಮ್ಮದು. ಅದು ಎರಡು ವಾರ ಇರಬಹುದು, ಎರಡು ತಿಂಗಳೂ ಇರಬಹುದು. ಆಗ ಬಿಲ್ಡರ್‌ಗೆ ನಿಮ್ಮ ಸಹಕಾರ ಬೇಕು. ಲಾರಿ ನಿಲ್ಲಿಸಬೇಕು, ಕಾಂಪೌಂಡ್ ಮುಟ್ಟಬೇಕು, ಬೀದಿಯಲ್ಲಿ ಜಗಳ ಬೇಡ. ಕಾಂಕ್ರೀಟು ಬಿದ್ದ ಮೇಲೆ ಆ ಗರಜು ಅವರಿಗಿಲ್ಲ. ಆಮೇಲೆ ನೀವೇ ಅವರ ಹಿಂದೆ ಓಡಬೇಕು. ಹಾಗಾಗಿ ಮೊದಲ ಐದು ಹೆಜ್ಜೆಗಳನ್ನು ಈ ಹೊತ್ತಿನಲ್ಲೇ ಮುಗಿಸಿ ಅಥವಾ ಅವಕ್ಕೆ ಸಿದ್ಧವಾಗಿ.

ಹೆಜ್ಜೆ 1: ಏನು ಬರುತ್ತಿದೆ ಎಂದು ಕಾಗದದಲ್ಲಿ ನೋಡಿ

"ಮೂರೇ ಮಹಡಿ ಅಂತೆ" ಎಂಬ ಮಾತನ್ನು ನಂಬಿ ಕೂರಬೇಡಿ. ಮಾರಿದವರಿಗೇ ಎಷ್ಟೋ ಸಲ ಪೂರ್ತಿ ಗೊತ್ತಿರುವುದಿಲ್ಲ. ನಿಮಗೆ ಬೇಕಾದ್ದು ಮಂಜೂರಾದ ಕಟ್ಟಡ ನಕ್ಷೆ. ಅದು ಸಿಗುವ ದಾರಿಗಳು ಹೀಗಿವೆ.

ಮೊದಲು ಸೈಟಿನಲ್ಲೇ ನೋಡಿ. ಅನಧಿಕೃತ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪಿನಲ್ಲಿ, ಕೆಲಸ ನಡೆಯುವಷ್ಟು ದಿನವೂ ಮಂಜೂರಾದ ನಕ್ಷೆಯನ್ನು ಜಾಗದಲ್ಲಿ ಪ್ರದರ್ಶಿಸಬೇಕು ಎಂದು ಹೇಳಿದೆ. ಬೋರ್ಡು ಇದ್ದರೆ ಫೋಟೊ ತೆಗೆದುಕೊಳ್ಳಿ. ಇಲ್ಲದಿದ್ದರೆ ನಯವಾಗಿ ಕೇಳಿ.

ಎರಡನೆಯದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ 8ಕ್ಕಿಂತ ಜಾಸ್ತಿ ಮನೆ ಕಟ್ಟಿ ಮಾರುವುದಾದರೆ ನೋಂದಣಿ ಕಡ್ಡಾಯ. 500 ಚದರ ಮೀಟರ್ ಅಂದರೆ ಸುಮಾರು 5,380 ಚದರ ಅಡಿ. ಹಳೆಯ ಬಡಾವಣೆಗಳ 60×100 ಸೈಟು 6,000 ಚದರ ಅಡಿ, ಅಂದರೆ ಈ ಮಿತಿಯನ್ನು ದಾಟುತ್ತದೆ. ನೋಂದಣಿಯಾದ ಯೋಜನೆಯ ವಿವರಗಳನ್ನು ಕರ್ನಾಟಕ ರೇರಾ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಖರೀದಿದಾರರೇ ಆಗಬೇಕಿಲ್ಲ.

ಮೂರನೆಯದು ಪಾಲಿಕೆ. ನಗರ ಯೋಜನೆ ವಿಭಾಗಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು. ಬಹಳ ಅರ್ಜಿಗಳು ತಿರಸ್ಕಾರವಾಗುವುದು ಇಲ್ಲೇ. ನಕ್ಷೆಗೆ ಒಂದು ಅರ್ಜಿ, ಪರವಾನಗಿಗೆ ಜೋಡಿಸಿದ ಷರತ್ತುಗಳಿಗೆ ಇನ್ನೊಂದು ಹಾಕಿ. ಕಡತವನ್ನೇ ನೋಡಲು ಅವಕಾಶ ಕೊಡಿ ಎಂದೂ ಕೇಳಬಹುದು. ಉತ್ತರ ಕೊಡಲು 30 ದಿನ ಇದೆ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಇದಕ್ಕೆ ಹೊತ್ತು ಹಿಡಿಯುವುದರಿಂದ ಹೆಂಚು ಇಳಿಸಿದ ವಾರವೇ ಅರ್ಜಿ ಹಾಕಿಬಿಡಿ.

ಊರ ಹೊರಗಿನ ಹೊಸ ಬಡಾವಣೆಯಾದರೆ ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೂ ಒಮ್ಮೆ ಹೋಗಬೇಕಾದೀತು. ಬಡಾವಣೆಯ ವಿನ್ಯಾಸ, ಆ ಜಾಗ ವಸತಿಗೋ ವಾಣಿಜ್ಯಕ್ಕೋ ಎಂಬುದು ಅಲ್ಲಿಯ ಮಹಾಯೋಜನೆಯಲ್ಲಿರುತ್ತದೆ.

ಹೆಜ್ಜೆ 2: ನಕ್ಷೆ ಓದಿ, ಟೇಪು ಹಿಡಿಯಿರಿ

ನಕ್ಷೆ ನೋಡಿದರೆ ಮೊದಲು ತಲೆ ಸುತ್ತುತ್ತದೆ. ನಾಲ್ಕು ವಿಷಯ ಮಾತ್ರ ಹುಡುಕಿ: ನಿಮ್ಮ ಕಡೆಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಒಟ್ಟು ಎತ್ತರ ಎಷ್ಟು, ನೆಲದ ಕೆಳಗೆ ಎಷ್ಟು ಆಳ ಹೋಗುತ್ತಾರೆ, ನೀರು ಎಲ್ಲಿಗೆ ಹೋಗುತ್ತದೆ.

ಬಿಡುವ ಜಾಗಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ಕಟ್ಟಡ ಎತ್ತರವಾದಂತೆ ಸೆಟ್‌ಬ್ಯಾಕ್ ಕೂಡ ಜಾಸ್ತಿಯಾಗಬೇಕು. ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬುದನ್ನು ಎಫ್‌ಎಆರ್ ಎಂಬ ಅಂಕಿ ಹೇಳುತ್ತದೆ. ಉದಾಹರಣೆಗೆ ಎಫ್‌ಎಆರ್ 1.75 ಎಂದಿಟ್ಟುಕೊಳ್ಳಿ. 6,000 ಚದರ ಅಡಿ ಸೈಟಿನಲ್ಲಿ 10,500 ಚದರ ಅಡಿ ಕಟ್ಟಬಹುದು. ಅದನ್ನು ಎರಡು ಮಹಡಿಯಲ್ಲಿ ಹರಡುತ್ತಾರೋ, ಸುತ್ತ ಜಾಗ ಬಿಟ್ಟು ಐದಂತಸ್ತು ಏರಿಸುತ್ತಾರೋ ಎಂಬುದು ಬೇರೆ ಮಾತು. ಎಫ್‌ಎಆರ್ ಎಷ್ಟು ಎಂಬುದು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಹಾಗಾಗಿ ನಕ್ಷೆಯಲ್ಲಿ ಬರೆದ ರಸ್ತೆ ಅಗಲವನ್ನು ನೀವೇ ಅಳೆದು ನೋಡಿ. ನಮ್ಮ ಬೀದಿಯಂಥ ಹಳೇ ಅಡ್ಡರಸ್ತೆಗಳಲ್ಲಿ ಕಾಗದದ ಅಗಲಕ್ಕೂ ಚರಂಡಿಯಿಂದ ಚರಂಡಿಗೆ ಅಳೆದ ಅಗಲಕ್ಕೂ ವ್ಯತ್ಯಾಸ ಇರುವುದುಂಟು.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ಅಂಥ ಎತ್ತರಕ್ಕೆ ಹೋದಾಗ ಬೆಂಕಿ ಆರಿಸುವ ಗಾಡಿ ಸುತ್ತುವಷ್ಟು ಜಾಗದ ಪ್ರಶ್ನೆ ಬರುತ್ತದೆ. ಆ ಗಾಡಿ ನಿಮ್ಮ ಬೀದಿಗೆ ತಿರುಗುತ್ತದೆಯೇ ಎಂದು ನಿಂತು ಯೋಚಿಸಿ. ಇದು ನಿಮ್ಮ ಮನೆಯದೂ ಪ್ರಶ್ನೆ.

ಈಗ ಗಡಿ. ಸೈಟಿನಲ್ಲಿ ಸುಣ್ಣದ ಗೆರೆ ಎಳೆದು ಮಾರ್ಕಿಂಗ್ ಮಾಡುವ ದಿನ ನೀವು ಅಲ್ಲಿರಬೇಕು. ಉದ್ದದ ಟೇಪು ತೆಗೆದುಕೊಂಡು ಹೋಗಿ. ಕಾಂಪೌಂಡ್ ಗೋಡೆ ಯಾರದ್ದು ಎಂಬುದು ಬಹಳ ಮನೆಗಳಲ್ಲಿ ಬಾಯಿಮಾತಿನಲ್ಲೇ ಉಳಿದಿರುತ್ತದೆ. ನಮ್ಮ ಮಾವ, ಪಕ್ಕದ ಮನೆಯ ಹಿರಿಯರು ಇಬ್ಬರೂ ಸೇರಿ ಅರ್ಧರ್ಧ ಹಣ ಹಾಕಿ ಕಟ್ಟಿಸಿದ್ದರು. ಇಬ್ಬರೂ ಈಗಿಲ್ಲ. ಕಾಗದವೂ ಇರಲಿಲ್ಲ. ನಗರ ಆಸ್ತಿ ದಾಖಲೆಯ ಯುಪಿಒಆರ್ ಯೋಜನೆ ಮೊದಲು ನಡೆದ ಊರುಗಳಲ್ಲಿ ಶಿವಮೊಗ್ಗವೂ ಒಂದು. ನಿಮ್ಮ ಆಸ್ತಿಗೆ ಆ ಯೋಜನೆಯ ಪಿ.ಆರ್. ಕಾರ್ಡ್ (ಆಸ್ತಿ ದಾಖಲೆ ಪತ್ರ) ಇದ್ದರೆ ಅದರ ನಕಾಶೆ ತೆಗೆಯಿರಿ. ಇಲ್ಲದಿದ್ದರೆ ಕ್ರಯಪತ್ರದ ಚಕ್ಕುಬಂದಿ (ನಾಲ್ಕು ಕಡೆಯ ಗಡಿ ವಿವರ) ಹಿಡಿದು ಅಳೆಯಿರಿ. ಅನುಮಾನ ಬಂದರೆ ಸರ್ವೆ ಇಲಾಖೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಿ. ಕಾಲಂ ಎದ್ದ ಮೇಲೆ ಒಂದು ಅಡಿ ಜಾಗಕ್ಕೆ ಹತ್ತು ವರ್ಷ ಕೋರ್ಟಿಗೆ ಅಲೆಯಬೇಕು.

ಹೆಜ್ಜೆ 3: ನಿಮ್ಮ ಮನೆಯ ಇವತ್ತಿನ ಸ್ಥಿತಿಯನ್ನು ದಾಖಲಿಸಿ

ಒಂದೇ ಹೆಜ್ಜೆಗೆ ನಿಮಗೆ ಪುರುಸೊತ್ತು ಇದೆ ಎಂದರೆ ಇದನ್ನು ಮಾಡಿ. ಒಂದು ಭಾನುವಾರ ಸಾಕು.

ಮನೆಯ ಪ್ರತಿ ಕೋಣೆಯಲ್ಲಿ ನಡುವೆ ನಿಂತು ನಾಲ್ಕು ಗೋಡೆ, ಸೂರು, ನೆಲದ ವಿಡಿಯೊ ಮಾಡಿ. ನಿಧಾನಕ್ಕೆ ಮಾಡಿ. ಶುರುವಿನಲ್ಲಿ ಆ ದಿನದ ಪತ್ರಿಕೆಯ ಮುಖಪುಟವನ್ನು ಹಿಡಿದು ತೋರಿಸಿ. ಆಮೇಲೆ ಫೋಟೊ. ಕಿಟಕಿ, ಬಾಗಿಲುಗಳ ನಾಲ್ಕೂ ಮೂಲೆ, ಗೋಡೆ ಗೋಡೆ ಸೇರುವ ಜಾಗ, ಗೋಡೆ ಸೂರಿಗೆ ತಾಗುವ ಜಾಗ, ಹೊರಗಿನ ಪಾಯದ ಕಲ್ಲು, ಮೆಟ್ಟಿಲು, ತುಳಸಿಕಟ್ಟೆ, ಬಾವಿಕಟ್ಟೆ, ಸಂಪು, ಕಾಂಪೌಂಡ್ ಪೂರ್ತಿ. ಹೊರಗಿನಿಂದ ಹೆಂಚಿನ ಸಾಲು ನೇರವಾಗಿದೆಯೇ ಎಂದು ಕಾಣುವ ಹಾಗೆ ದೂರದಿಂದಲೂ ಒಂದು.

ಹಳೆಯ ಬಿರುಕುಗಳನ್ನು ಮುಚ್ಚಿಡಬೇಡಿ. ಅವುಗಳನ್ನೇ ಮುಖ್ಯವಾಗಿ ತೋರಿಸಿ. ಮಣ್ಣಿನ ಗೋಡೆ, ಗಾರೆ ಗೋಡೆಗೆ ಕೂದಲೆಳೆಯ ಬಿರುಕು ಇದ್ದೇ ಇರುತ್ತದೆ. ಇರುವುದನ್ನು ಇದೆ ಎಂದು ಬರೆದವರ ಮಾತನ್ನೇ ಆಮೇಲೆ "ಇದು ಹೊಸದು" ಎಂದಾಗ ನಂಬುತ್ತಾರೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಬೆಳೆದರೆ ಗೆರೆ ದಾಟುತ್ತದೆ. ಅಗಲಕ್ಕೆ ಎಟಿಎಂ ಕಾರ್ಡ್ ಬಳಸಿ. ಅದರ ದಪ್ಪ 0.76 ಮಿ.ಮೀ. ಕಾರ್ಡು ಹೋಗದ ಬಿರುಕು, ಒಂದು ಕಾರ್ಡು ಹೋಗುವ ಬಿರುಕು, ಮೂರು ಕಾರ್ಡು ಸೇರಿಸಿದರೂ ಹೋಗುವ ಬಿರುಕು, ಹೀಗೆ ಬರೆದಿಡಿ.

ದೊಡ್ಡ ಬಿರುಕಿದ್ದರೆ ಇನ್ನೊಂದು ಹಳೆಯ ಉಪಾಯ. ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿ. ಗೋಡೆ ಅಲುಗಾಡಿದರೆ ಗಾಜು ಒಡೆಯುತ್ತದೆ. ನಮ್ಮ ಎಂಜಿನಿಯರ್ ಇದನ್ನು ಮಾಡಿದಾಗ ನನಗೆ ಮಕ್ಕಳಾಟ ಎನಿಸಿತ್ತು. ನಾಲ್ಕನೇ ವಾರ ಒಂದು ಗಾಜು ಚಟ್ ಎಂದು ಸೀಳಿದಾಗ ಅದರ ಬೆಲೆ ತಿಳಿಯಿತು.

ಬಾಗಿಲು, ಕಿಟಕಿ ತೆರೆದು ಮುಚ್ಚುವುದನ್ನೂ ವಿಡಿಯೊ ಮಾಡಿ. ಗೋಡೆ ನೇರಕ್ಕಿದೆಯೇ ಎಂದು ಮೇಸ್ತ್ರಿಯ ಹತ್ತಿರ ತೂಗುಗುಂಡು ಬಿಡಿಸಿ ನೋಡಿ. ಬಾವಿ ಇದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೀರಿನ ಮಟ್ಟ ಅಳೆಯಿರಿ, ಒಂದು ಬಾಟಲಿ ನೀರು ತುಂಬಿ ಫೋಟೊ ತೆಗೆಯಿರಿ.

2021ರ ಜನವರಿ 21ರ ರಾತ್ರಿ ನಮ್ಮೂರಿನ ಯಾರೂ ಮರೆತಿಲ್ಲ. ಹತ್ತಿರದ ಹುಣಸೋಡಿನ ಕಲ್ಲು ಕ್ವಾರಿಯಲ್ಲಿ ಸ್ಫೋಟವಾಗಿ ಕಾರ್ಮಿಕರು ಜೀವ ಕಳೆದುಕೊಂಡರು. ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ನಮ್ಮ ಕಿಟಕಿಗಳು ನಡುಗಿದವು. ಯಾವ ಬಿರುಕು ಹಳೆಯದು, ಯಾವುದು ಆ ರಾತ್ರಿಯದು ಎಂದು ಬೆಳಿಗ್ಗೆ ಎದ್ದು ಹೇಳಬಲ್ಲವರು ನಮ್ಮ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಆಗಲೇ ನಾನು ಪಾಠ ಕಲಿಯಬೇಕಿತ್ತು.

ಸಾಧ್ಯವಾದರೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ಸ್ಥಿತಿ ವರದಿ ಬರೆಸಿ, ಸಹಿ, ಸೀಲು ಹಾಕಿಸಿ. ಬಿಲ್ಡರ್ ಕಡೆಯವರನ್ನೂ ಕರೆದು ತೋರಿಸಿ, ಪ್ರತಿಯ ಮೇಲೆ ಅವರ ಸಹಿ ಪಡೆಯಿರಿ. ಒಳ್ಳೆಯ ಬಿಲ್ಡರ್‌ಗಳು ಇದಕ್ಕೆ ಒಪ್ಪುತ್ತಾರೆ. ಹಳೆಯ ಬಿರುಕಿಗೆಲ್ಲ ಅವರೇ ಹೊಣೆ ಹೊರುವುದು ತಪ್ಪುತ್ತದಲ್ಲ. ಫೋಟೊಗಳನ್ನು ಬರೀ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಅದೇ ದಿನ ಮಗನಿಗೋ ಮಗಳಿಗೋ ಇಮೇಲ್ ಮಾಡಿ. ಇಮೇಲಿನ ತಾರೀಖೂ ಒಂದು ಸಾಕ್ಷಿ.

ಹೆಜ್ಜೆ 4: ಒಂದು ಪತ್ರ ಬರೆಯಿರಿ

ಜಗಳದ ಪತ್ರವಲ್ಲ. ನಿಮ್ಮ ಮನೆ ಅಲ್ಲಿದೆ, ಅದು ಹಳೆಯದು, ನೀವು ನೋಡುತ್ತಿದ್ದೀರಿ ಎಂದು ತಿಳಿಸುವ ಪತ್ರ. ಜಾಗದ ಮಾಲೀಕರಿಗೆ, ಬಿಲ್ಡರ್‌ಗೆ, ಪಾಲಿಕೆ ಆಯುಕ್ತರಿಗೆ ಒಂದೊಂದು ಪ್ರತಿ. ಹೀಗೆ ಬರೆಯಬಹುದು:

"ಮಾನ್ಯರೇ, ನಿಮ್ಮ ಜಾಗದ ಪೂರ್ವಕ್ಕೆ ಹೊಂದಿಕೊಂಡು ನಮ್ಮ ವಾಸದ ಮನೆ ಇದೆ. ಇದು ಕಲ್ಲಿನ ಪಾಯದ ಮೇಲೆ ಕಟ್ಟಿದ ಹಳೆಯ ಹೆಂಚಿನ ಮನೆ. ಇಂಥ ದಿನಾಂಕದಂದು ಮನೆಯ ಸ್ಥಿತಿಯನ್ನು ಫೋಟೊ, ವಿಡಿಯೊ ಮೂಲಕ ದಾಖಲಿಸಿದ್ದೇವೆ. ಪಾಯ ತೋಡುವ ಮೊದಲು ಮಣ್ಣು ಕುಸಿಯದಂತೆ ಕೈಗೊಳ್ಳುವ ಕ್ರಮಗಳನ್ನು ಲಿಖಿತವಾಗಿ ತಿಳಿಸಬೇಕು. ಅಗೆಯುವ ದಿನಾಂಕವನ್ನು ಏಳು ದಿನ ಮೊದಲು ತಿಳಿಸಬೇಕು. ಕೆಲಸದಿಂದ ನಮ್ಮ ಮನೆ, ಬಾವಿ, ಕಾಂಪೌಂಡಿಗೆ ಹಾನಿಯಾದರೆ ಸರಿಪಡಿಸಿಕೊಡುವ ಹೊಣೆ ನಿಮ್ಮದು. ಸೈಟಿನ ಎಂಜಿನಿಯರ್ ಹೆಸರು, ಫೋನ್ ನಂಬರ್ ಕೊಡಬೇಕಾಗಿ ಕೋರಿಕೆ."

ಪಾಲಿಕೆಯ ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿ. ಉಳಿದವು ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ರಸೀದಿ ಇಟ್ಟುಕೊಳ್ಳಿ. ಕಾನೂನೂ ನಿಮ್ಮ ಪರ ಇದೆ. 1882ರ ಭಾರತೀಯ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯ್ದೆಯಲ್ಲಿ, ಪಕ್ಕದವರ ಮಣ್ಣು ನಿಮ್ಮ ನೆಲಕ್ಕೆ ಕೊಡುತ್ತಿರುವ ಸಹಜ ಆಸರೆಯನ್ನು ಕಿತ್ತುಕೊಳ್ಳುವಂತಿಲ್ಲ ಎಂದಿದೆ. ಮನೆಯ ಭಾರಕ್ಕೆ ಸಿಗುತ್ತಿದ್ದ ಆಸರೆಗೂ 20 ವರ್ಷ ದಾಟಿದ್ದರೆ ಹಕ್ಕು ಕೇಳಬಹುದು.

ಹೆಜ್ಜೆ 5: ಪಾಯ ತೋಡುವ ದಿನಗಳು

ಇಡೀ ಕೆಲಸದಲ್ಲಿ ಅಪಾಯದ ಹಂತ ಇದು. ಐದಂತಸ್ತು ಏರಿದ ಮೇಲೆ ಮನೆ ಬೀಳುವುದಿಲ್ಲ. ಗುಂಡಿ ಬಾಯಿ ತೆರೆದಿರುವಾಗ ಬೀಳುತ್ತದೆ.

ಮೊದಲು ನಿಮ್ಮ ಪಾಯ ಎಷ್ಟು ಆಳ ಇದೆ ಎಂದು ತಿಳಿಯಿರಿ. ನಿಮ್ಮ ಜಾಗದೊಳಗೆ, ಗೋಡೆಯ ಪಕ್ಕ, ಎರಡು ಅಡಿ ಚೌಕದ ಚಿಕ್ಕ ಗುಂಡಿ ತೆಗೆಸಿ. ಪಾಯದ ಕಲ್ಲು ಎಲ್ಲಿ ಮುಗಿಯುತ್ತದೆ ನೋಡಿ ಮತ್ತೆ ಮುಚ್ಚಿಸಿ. ಬೇಸಿಗೆಯಲ್ಲಿ ಮಾತ್ರ ಮಾಡಿ, ಮೇಸ್ತ್ರಿ ಜೊತೆಗಿರಲಿ.

ಆಮೇಲೆ ಒಂದು ಸುಲಭ ಲೆಕ್ಕ. ನಿಮ್ಮ ಪಾಯದ ತಳದಿಂದ ಪಕ್ಕದ ಸೈಟಿನ ಕಡೆಗೆ 45 ಡಿಗ್ರಿ ಓರೆಯಾಗಿ ಕೆಳಗೆ ಒಂದು ಗೆರೆ ಊಹಿಸಿಕೊಳ್ಳಿ. ಅವರ ಗುಂಡಿ ಆ ಗೆರೆಯನ್ನು ಕಡಿಯಬಾರದು. ಪಾಯ ಮೂರು ಅಡಿ ಆಳ, ಗುಂಡಿಯ ಅಂಚು ನಿಮ್ಮ ಗೋಡೆಯಿಂದ ನಾಲ್ಕು ಅಡಿ ದೂರ ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿದರೆ ಏಳು. ಏಳು ಅಡಿ ದಾಟಿ ಅಗೆದರೆ ನಿಮ್ಮ ಮನೆಯ ಭಾರ ಹೊತ್ತ ಮಣ್ಣನ್ನೇ ತೆಗೆದಂತೆ. ಸೆಲ್ಲಾರ್ ಪಾರ್ಕಿಂಗಿಗೆ ಹತ್ತು ಹನ್ನೊಂದು ಅಡಿ ಬೇಕಾಗುತ್ತದೆ. ಹಾಗಾಗಿ ಸೆಲ್ಲಾರ್ ಇದೆ ಎಂದರೆ ಆಸರೆಯ ಗೋಡೆ ಅಥವಾ ಶೋರಿಂಗ್ (ಮಣ್ಣು ಕುಸಿಯದಂತೆ ಕೊಡುವ ತಾತ್ಕಾಲಿಕ ಆಸರೆ) ಇಲ್ಲದೆ ಅಗೆಯುವಂತೆಯೇ ಇಲ್ಲ ಎಂದು ತಿಳಿಯಿರಿ. ಒದ್ದೆ ಮಣ್ಣಿಗೆ ಈ 45 ಡಿಗ್ರಿಯೂ ಸಾಲದು.

ನಮ್ಮ ಮಲೆನಾಡಿನ ಮಣ್ಣು ಮೋಸ ಮಾಡುತ್ತದೆ. ಬೇಸಿಗೆಯಲ್ಲಿ ಕೆಂಪು ಮಣ್ಣಿನ ಗುಂಡಿ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೋಡಿದವರು "ಗಟ್ಟಿ ಇದೆ ಬಿಡಿ" ಎನ್ನುತ್ತಾರೆ. ಎರಡು ದಿನ ಜಡಿಮಳೆ ಹೊಡೆದರೆ ಅದೇ ಗೋಡೆ ಹೋಳಿಗೆ ಕಣಕದ ಹಾಗಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇನ್ನೊಂದು ತೊಂದರೆ. ಮೇಲೆ ಜಂಬಿಟ್ಟಿಗೆ ಪದರ ಕಲ್ಲಿನಂತೆ ಇರುತ್ತದೆ, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಗುಂಡಿ ಶೇಡಿಗೆ ತಾಗಿ ನೀರು ಸೇರಿದರೆ ಅದು ಜಾರುತ್ತದೆ, ಮೇಲಿನ ಗಟ್ಟಿ ಪದರ ಹಾಗೇ ಕುಸಿಯುತ್ತದೆ. ಧರೆ ಕುಸಿಯುವುದನ್ನು ಪ್ರತಿ ಮಳೆಗಾಲ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಕೇಳಬೇಕಾದ ಮೊದಲ ಬೇಡಿಕೆ ತಿಂಗಳಿನದ್ದು. ಸೆಲ್ಲಾರ್ ಅಗೆತ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿದು, ಆಸರೆ ಗೋಡೆ ಮೃಗಶಿರಕ್ಕೆ ಮೊದಲು ನೆಲಮಟ್ಟಕ್ಕೆ ಬರಬೇಕು. ಮೇನಲ್ಲಿ ಅಗೆಯಲು ಹೊರಟರೆ ಆರಿದ್ರಾ, ಪುನರ್ವಸು, ಪುಷ್ಯ ಮಳೆ ಪೂರ್ತಿ ಗುಂಡಿ ತೆರೆದೇ ಇರುತ್ತದೆ. ನಮ್ಮ ಗೋಡೆ ಹೋದದ್ದು ಹಾಗೆಯೇ. ಇದೊಂದನ್ನು ಒಪ್ಪಿಸಲು ಎಷ್ಟು ಸಲ ಬೇಕಾದರೂ ಹೋಗಿ ಮಾತಾಡಿ.

ಉಳಿದವು: ನಿಮ್ಮ ಗೋಡೆಯ ಉದ್ದಕ್ಕೂ ಒಂದೇ ಸಲ ಅಗೆಯಬಾರದು. ಆರೇಳು ಅಡಿಯ ತುಂಡು ಬಿಟ್ಟು ಬಿಟ್ಟು ಅಗೆದು, ಅಲ್ಲಿ ಆಸರೆ ಗೋಡೆ ಕಟ್ಟಿ, ಆಮೇಲೆ ನಡುವಿನ ತುಂಡಿಗೆ ಕೈ ಹಾಕಬೇಕು. ತೆಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲಿ ರಾಶಿ ಹಾಕಬಾರದು. ಇಟಾಚಿ, ಟಿಪ್ಪರ್ ನಿಮ್ಮ ಕಡೆಯ ಅಂಚಿನಲ್ಲಿ ನಿಲ್ಲಬಾರದು. ಬಂಡೆ ಸಿಕ್ಕರೆ ಸಿಡಿಮದ್ದು ಇಡುವ ಮಾತೇ ಬೇಡ. ಮಳೆ ಬಂದರೆ ಹೊದಿಸಲು ಟಾರ್ಪಾಲು, ನೀರೆತ್ತಲು ಪಂಪು ಸೈಟಿನಲ್ಲೇ ಇರಬೇಕು.

ನೀವು ದಿನಾ ಬೆಳಿಗ್ಗೆ ಒಂದು ಸುತ್ತು ಬನ್ನಿ. ನಿನ್ನೆ ಸರಾಗ ಮುಚ್ಚಿದ ಬಾಗಿಲು ಇವತ್ತು ಹಿಡಿದರೆ, ಗೋಡೆಗೂ ನೆಲಕ್ಕೂ ನಡುವೆ ಸಂದು ಕಂಡರೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಹೊರಟರೆ, ಅಂಗಳದಲ್ಲಿ ಗುಂಡಿಗೆ ಸಮಾನಾಂತರವಾಗಿ ನೆಲ ಸೀಳಿದರೆ ತಡ ಮಾಡಬೇಡಿ. ಆ ಕಡೆಯ ಕೋಣೆಗಳಲ್ಲಿ ಮಲಗಬೇಡಿ. ಗ್ಯಾಸ್ ಸಿಲಿಂಡರ್ ಈಚೆ ತನ್ನಿ. ಸೈಟ್ ಎಂಜಿನಿಯರ್‌ಗೆ ಫೋನ್ ಮಾಡಿ ಕೆಲಸ ನಿಲ್ಲಿಸಿ, ಗುಂಡಿಯ ಆ ಭಾಗಕ್ಕೆ ತಕ್ಷಣ ಮಣ್ಣು ವಾಪಸ್ ತುಂಬಲು ಹೇಳಿ. ಕೇಳದಿದ್ದರೆ 112ಕ್ಕೆ ಕರೆ ಮಾಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ವಾರ ನೆಂಟರ ಮನೆಗೆ ಕಳಿಸಿ. ನಾವು ಅತ್ತೆಯನ್ನು ಕಳಿಸಿದ್ದು ಗೋಡೆ ಬಿದ್ದ ಮೇಲೆ. ಆ ರಾತ್ರಿ ಅವರು ಮಲಗಿದ್ದ ಕೋಣೆಗೂ ಆ ಗೋಡೆಗೂ ಇದ್ದ ದೂರ ನಾಲ್ಕಡಿ.

ಹೆಜ್ಜೆ 6: ಕಟ್ಟಡ ಮೇಲೇಳುವಾಗ

ನೆಲಮಟ್ಟ ದಾಟಿದ ಮೇಲೆ ಜೀವಭಯ ಕಡಿಮೆ, ಕಿರಿಕಿರಿ ಜಾಸ್ತಿ. ಹೆಂಚಿನ ಮನೆಯವರು ಮೊದಲು ಯೋಚಿಸಬೇಕಾದ್ದು ತಲೆ ಮೇಲಿನದ್ದು. ನಾಲ್ಕನೇ ಮಹಡಿಯಿಂದ ಅರ್ಧ ಇಟ್ಟಿಗೆ ಬಿದ್ದರೂ ಹೆಂಚು ತೂರಿ ಒಳಗೆ ಬರುತ್ತದೆ. ನಿಮ್ಮ ಕಡೆಗೆ ಪೂರ್ತಿ ಎತ್ತರಕ್ಕೆ ಹಸಿರು ಬಲೆ ಕಟ್ಟಿಸಿ, ಜೊತೆಗೆ ಬೀಳುವುದನ್ನು ತಡೆಯುವ ಅಡ್ಡ ಹಲಗೆಯನ್ನೂ ಹಾಕಿಸಿ. ಬಲೆ ದೂಳಿಗೆ ಮಾತ್ರ ಸಾಕು, ಇಟ್ಟಿಗೆಗೆ ಸಾಲದು. ಪಕ್ಕದ ಮನೆ ಕೆಡವಿದಾಗಲೇ ಅವರ ಹೆಂಚಿನಲ್ಲಿ ನೂರನ್ನು ಕೇಳಿ ತೆಗೆದಿಟ್ಟುಕೊಳ್ಳಿ. ಹಳೆಯ ಮಂಗಳೂರು ಹೆಂಚಿನ ಅಳತೆಗೆ ಹೊಸದು ಸರಿಯಾಗಿ ಕೂರುವುದಿಲ್ಲ, ಮಳೆಗಾಲದ ನಡುವೆ ಹುಡುಕಿದರೆ ಸಿಗುವುದೂ ಇಲ್ಲ.

ಸದ್ದಿಗೆ ನಿಯಮ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ವಸತಿ ಪ್ರದೇಶದಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರ ಬಳಸುವಂತಿಲ್ಲ. ಆದರೆ ಒಂದು ಮಾತು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟನ್ನು ನಡುವೆ ನಿಲ್ಲಿಸಿದರೆ ಅಲ್ಲಿ ಜೋಡು ಉಳಿದು ನೀರು ಸೋರುತ್ತದೆ. ಅಂಥ ದಿನ ಸ್ವಲ್ಪ ತಡವಾದರೆ ಸಹಿಸಿಕೊಳ್ಳೋಣ. ಮೊದಲೇ ತಿಳಿಸಬೇಕು ಎಂಬ ಷರತ್ತು ಇರಲಿ. ಟೈಲ್ಸ್ ಕಟಿಂಗ್, ಗೋಡೆ ಕೊರೆಯುವುದಕ್ಕೆ ರಾತ್ರಿ ಬಿಡಬೇಡಿ, ಅದಕ್ಕೆ ಕಾರಣವೇ ಇಲ್ಲ.

ಬೀದಿಯವರೆಲ್ಲ ಸೇರಿ ಒಂದು ಸಲ ಕೂತು ಮಾತಾಡಿ. ಜಲ್ಲಿ, ಮರಳು ರಸ್ತೆಗೆ ಸುರಿಯಬಾರದು, ಶಾಲೆಯ ಹೊತ್ತಿನಲ್ಲಿ ಟಿಪ್ಪರ್ ಬರಬಾರದು, ಕೆಲಸಗಾರರಿಗೆ ಶೌಚಾಲಯ ಇರಬೇಕು. ಕೊನೆಯದನ್ನು ಯಾರೂ ಕೇಳುವುದಿಲ್ಲ. ದೂರದ ಊರಿನಿಂದ ಬಂದು ಶೆಡ್ಡಿನಲ್ಲಿ ಹೆಂಡತಿ ಮಕ್ಕಳ ಜೊತೆ ಇರುವವರು ಅವರು. ಅದನ್ನು ನಾವು ಕೇಳಬೇಕು.

ಹೆಜ್ಜೆ 7: ನೀರು ಎಲ್ಲಿಗೆ ಹೋಗುತ್ತದೆ

ಹೊಸ ಕಟ್ಟಡದವರು ಸೈಟಿಗೆ ಮಣ್ಣು ತುಂಬಿ ಎತ್ತರ ಮಾಡುತ್ತಾರೆ. ಅಂಗಳಕ್ಕೆಲ್ಲ ಪೇವರ್ ಹಾಕುತ್ತಾರೆ. ಮೊದಲು ಹಿತ್ತಲಿನಲ್ಲಿ ಇಂಗುತ್ತಿದ್ದ ಮಳೆನೀರು ಈಗ ತಗ್ಗು ಹುಡುಕುತ್ತದೆ. ಆ ತಗ್ಗು ನಿಮ್ಮ ಮನೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ವಿದ್ಯಾನಗರ, ಕುಂಬಾರಗುಂಡಿ ಕಡೆ ನೀರು ನುಗ್ಗಿದ್ದು ನೆನಪಿದೆಯಲ್ಲ. ನದಿಗೆ ಹತ್ತಿರದ ಬಡಾವಣೆಗಳಲ್ಲಿ ಪಕ್ಕದ ಸೈಟು ಎರಡು ಅಡಿ ಎತ್ತರವಾದರೆ ಸುಮ್ಮನೆ ಬಿಡುವ ವಿಷಯವಲ್ಲ. ಅವರ ಛಾವಣಿ ಪೈಪುಗಳು ಎಲ್ಲಿಗೆ ಇಳಿಯುತ್ತವೆ, ಮಳೆಕೊಯ್ಲಿನ ಗುಂಡಿ ನಿಮ್ಮ ಪಾಯದ ಪಕ್ಕದಲ್ಲೇ ಬರುತ್ತದೆಯೇ ಎಂದು ನಕ್ಷೆಯಲ್ಲಿ ನೋಡಿ. ಇಂಗುಗುಂಡಿ ಒಳ್ಳೆಯದೇ, ಆದರೆ ಹಳೇ ಪಾಯದಿಂದ ದೂರ ಇರಲಿ.

ಶೌಚದ ನೀರು ಯುಜಿಡಿಗೆ (ಬೀದಿಯ ಒಳಚರಂಡಿಗೆ) ಸೇರುತ್ತದೆಯೋ ಸೆಪ್ಟಿಕ್ ಟ್ಯಾಂಕಿಗೋ ಎಂದೂ ಕೇಳಿ. ಒಂದು ಕುಟುಂಬ ಇದ್ದ ಕಡೆ ಹದಿನಾರು ಕುಟುಂಬ ಬಂದರೆ ಬೀದಿಯ ಹಳೇ ಪೈಪು ತಡೆಯಬೇಕು. ಬಾವಿ ಇರುವವರು ಸೆಪ್ಟಿಕ್ ಟ್ಯಾಂಕ್ ನಿಮ್ಮ ಕಡೆ ಬಾರದಂತೆ ಈಗಲೇ ಬರೆದುಕೊಡಿ.

ಇನ್ನೊಂದು, ನಮ್ಮದೇ ತಪ್ಪು. ಹಳೇ ಮನೆಗಳ ಸೂರಿನ ನೀರು ಎಷ್ಟೋ ಕಡೆ ಪಕ್ಕದವರ ಜಾಗಕ್ಕೆ ಬೀಳುತ್ತದೆ. ಅವರು ಒಳ್ಳೆಯವರಿದ್ದರು, ಸುಮ್ಮನಿದ್ದರು. ಹೊಸಬರು ಮೊದಲು ಎತ್ತುವುದು ಅದೇ ಮಾತು. ನೀವಾಗಿಯೇ ತಗಡಿನ ದೋಣಿ ಹಾಕಿಸಿ ನೀರನ್ನು ನಿಮ್ಮ ಅಂಗಳಕ್ಕೆ ತಿರುಗಿಸಿಕೊಳ್ಳಿ. ಆಮೇಲೆ ಅವರ ತಪ್ಪನ್ನು ಎತ್ತಿ ತೋರಿಸಲು ಬಾಯಿ ಇರುತ್ತದೆ.

ಬೆಳಕು, ಗಾಳಿ ಹೋಯಿತು ಎಂದು ಬಹಳ ಜನ ದೂರು ಕೊಡುತ್ತಾರೆ. 20 ವರ್ಷ ಅನುಭವಿಸಿದ ಬೆಳಕಿಗೆ ಈಸ್‌ಮೆಂಟ್ ಕಾಯ್ದೆಯಲ್ಲಿ ಹಕ್ಕಿದೆ ನಿಜ. ಆದರೆ ಸ್ವಲ್ಪ ಕತ್ತಲಾಯಿತು ಎಂದರೆ ಸಾಲದು, ಹಾನಿ ದೊಡ್ಡದಿರಬೇಕು. ನನ್ನ ಅನುಭವದಲ್ಲಿ ಸೆಟ್‌ಬ್ಯಾಕ್ ಅಳತೆ ಹಿಡಿದು ಹೋದರೆ ಬೆಳಕೂ ಉಳಿಯುತ್ತದೆ, ವಾದವೂ ಗಟ್ಟಿ.

ಹೆಜ್ಜೆ 8: ನಕ್ಷೆ ಮೀರಿ ಕಟ್ಟಿದರೆ

ಮೊದಲ ಸ್ಲ್ಯಾಬ್‌ಗೆ ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಹಲಗೆ) ಕಟ್ಟಿದಾಗಲೇ ಅಳೆಯಿರಿ. ಕೆಳಗೆ ಸರಿಯಾಗಿ ಜಾಗ ಬಿಟ್ಟು ಮೇಲೆ ಬಾಲ್ಕನಿ ಎಂದು ಮೂರು ಅಡಿ ಚಾಚುವುದು ಬಹಳ ಕಡೆ ನಡೆಯುತ್ತದೆ. ಕಾಂಕ್ರೀಟ್ ಬೀಳುವ ಮೊದಲಾದರೆ ಹಲಗೆ ಬಿಚ್ಚಿದರೆ ಮುಗಿಯಿತು.

ದೂರನ್ನು ಪಾಲಿಕೆ ಆಯುಕ್ತರಿಗೆ ಲಿಖಿತವಾಗಿ ಕೊಡಿ. ನಕ್ಷೆಯ ಪ್ರತಿ, ಟೇಪು ಹಿಡಿದ ಫೋಟೊ, ಅಳತೆ ಜೊತೆಗಿರಲಿ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರ 321ನೇ ಸೆಕ್ಷನ್ ಪ್ರಕಾರ ಕ್ರಮ ಕೈಗೊಳ್ಳಿ ಎಂದು ಬರೆಯಿರಿ. ಅದರಲ್ಲಿ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ, ಕಟ್ಟುವವರ ಉತ್ತರ ಕೇಳಿ, ಆಮೇಲೆ ಆದೇಶ ಖಾಯಂ ಮಾಡುತ್ತಾರೆ. ಬರೀ "ಅಕ್ರಮ ಕಟ್ಟಡ" ಎಂದು ಬರೆದರೆ ಕಡತ ಮೇಜಿನಿಂದ ಮೇಜಿಗೆ ಸುತ್ತುತ್ತದೆ. ಇಂಥ ಕಡೆ ನಕ್ಷೆಯಲ್ಲಿ ಇಷ್ಟು, ಜಾಗದಲ್ಲಿ ಇಷ್ಟು ಎಂದು ಬರೆದರೆ ಬಂದು ಅಳೆಯಲೇಬೇಕು. ಉತ್ತರ ಬಾರದಿದ್ದರೆ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರಿನ ನಂಬರ್ ಪಡೆಯಿರಿ.

ಮೇಲೆ ಹೇಳಿದ 2024ರ ತೀರ್ಪಿನಲ್ಲಿ ಇನ್ನೊಂದು ಮುಖ್ಯ ಮಾತಿದೆ. ಪೂರ್ಣಗೊಂಡ ಪ್ರಮಾಣಪತ್ರ, ವಾಸಕ್ಕೆ ಅನುಮತಿ ಸಿಗದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು. ಹಾಗಾಗಿ ದೂರಿನ ಪ್ರತಿಯನ್ನು ವಿದ್ಯುತ್ ಕೊಡುವ ಮೆಸ್ಕಾಂ ಕಚೇರಿಗೂ ಕೊಡಿ. ಫ್ಲಾಟ್ ಕೊಂಡವರಿಗೂ ಇದು ಗೊತ್ತಿರಬೇಕು. ನಾಳೆ ಅವರು ನಿಮ್ಮ ನೆರೆಯವರು, ತಪ್ಪು ಅವರದ್ದಲ್ಲ.

ಕೋರ್ಟಿಗೆ ಹೋಗುವುದಾದರೆ ತಡೆಯಾಜ್ಞೆ ಬೇಗ ಕೇಳಬೇಕು. ಕಟ್ಟಡ ಎದ್ದಷ್ಟೂ ನಿಮ್ಮ ಪ್ರಕರಣ ತೆಳುವಾಗುತ್ತದೆ. ಆ ಕಡೆಯವರು ಮೊದಲೇ ಕೇವಿಯಟ್ (ನಮ್ಮನ್ನೂ ಕೇಳಿ ಎಂಬ ಮುನ್ನರ್ಜಿ) ಹಾಕಿರಬಹುದು. ಅದು 90 ದಿನ ಇರುತ್ತದೆ, ಅಷ್ಟರೊಳಗೆ ನೀವು ಹೋದರೆ ಅವರಿಗೆ ತಿಳಿಸದೆ ಆದೇಶ ಆಗುವುದಿಲ್ಲ. ಹೆದರಬೇಕಿಲ್ಲ. ವಕೀಲರಿಗೆ ಮೂರನೇ ಹೆಜ್ಜೆಯ ಫೈಲನ್ನು ಕೊಡಿ.

ಹೆಜ್ಜೆ 9: ಹಾನಿಯಾದರೆ ಮಾತುಕತೆ

ಹಾನಿಯಾಗಿದ್ದರೆ ಕೈಗೆ ದುಡ್ಡು ಇಸಿದುಕೊಂಡು ಮುಗಿಸಬೇಡಿ. ನಮಗೂ ಮೊದಲು ಒಂದು ಲಕೋಟೆ ತಂದಿದ್ದರು. ನಿಮ್ಮ ಎಂಜಿನಿಯರ್ ಏನೇನು ಸರಿಪಡಿಸಬೇಕು ಎಂದು ಪಟ್ಟಿ ಮಾಡಲಿ. ಪಾಯಕ್ಕೆ ಆಸರೆ, ಬಿರುಕಿಗೆ ಹೊಲಿಗೆ, ಕಾಂಪೌಂಡ್, ಹೆಂಚು, ಬಣ್ಣ ಎಲ್ಲ ಬೇರೆ ಬೇರೆ. ಯಾರು, ಯಾವ ತಾರೀಖಿನೊಳಗೆ ಮಾಡಿಸುತ್ತಾರೆ ಎಂದು ಛಾಪಾ ಕಾಗದದ ಮೇಲೆ ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿ. "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಎಂಬ ಸಾಲನ್ನು ಅವರು ಸೇರಿಸುತ್ತಾರೆ. ಅದಕ್ಕೆ ಸಹಿ ಹಾಕಬೇಡಿ. ಮುಂದಿನ ಎರಡು ಮಳೆಗಾಲದಲ್ಲಿ ಕಾಣುವ ಹಾನಿಗೂ ಹೊಣೆ ಅವರದೇ ಎಂದು ಬದಲಿಸಿ.

ಎರಡು ಮಳೆಗಾಲ ಎಂದದ್ದಕ್ಕೆ ಕಾರಣವಿದೆ. ಅಗೆದು ತುಂಬಿದ ಮಣ್ಣು ಒಂದು ಮಳೆಗೆ ಕೂರುವುದಿಲ್ಲ. ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಯುವ ಕೆಲಸವನ್ನು ಅಲ್ಲಿಯವರೆಗೆ ತಡೆಯಿರಿ. ಗಾಜಿನ ಪಟ್ಟಿ, ಪೆನ್ಸಿಲ್ ಗೆರೆ ಹಾಗೇ ಇರಲಿ, ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ. ನಮ್ಮ ಹಜಾರದ ಗೋಡೆಗೆ ಬಣ್ಣ ಹೊಡೆಸಿದ್ದು ಎರಡನೇ ವರ್ಷದ ದೀಪಾವಳಿಗೆ. ಅಷ್ಟರಲ್ಲಿ ಪಕ್ಕದ ಎರಡನೇ ಮಹಡಿಗೆ ಸೊರಬದಿಂದ ಒಂದು ಕುಟುಂಬ ಬಂದಿತ್ತು. ಅವರ ಮಗು ನಮ್ಮ ಬಾವಿಕಟ್ಟೆಯ ಹತ್ತಿರ ಆಡಲು ಬರುತ್ತಿತ್ತು. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದೆವು.